ಅದೇ ಮಗು, ಬೇರೆ ಬೇರೆ ವರ್ಷ: ಎಳೆ ಮಕ್ಕಳ ವೃಷಣದ ಗಡ್ಡೆಯ ಕಥೆ

ಭಾಗ 1: ಬಚ್ಚಲುಮನೆ

ಈ ಸಲ ಕ್ಯಾಪ್ಷನ್ ಉದ್ದ ಐತಿ, ಮೊದಲೇ ಹೇಳಿಬಿಡ್ತೀನಿ. ಎಂಟು ಭಾಗ. ಕೋಟೆ, ಶಾಸನ, ದೇವಸ್ಥಾನ ಯಾವುದೂ ಇಲ್ಲ. ಆದರೂ ಇದು ಇತಿಹಾಸವೇ. ವಿಷಯ ಕೇಳಿ ನಗಬೇಡಿ, ಮುಜುಗರ ಪಟ್ಟು ಸ್ಕ್ರೋಲ್ ಮಾಡಲೂಬೇಡಿ. ಯಾಕೆ ಅಂತ ಕೊನೆಗೆ ಗೊತ್ತಾಗ್ತದೆ.

ಬ್ಯಾಡಗಿಯಲ್ಲಿ ನಮಗೆ ಗೊತ್ತಿರೋ ಒಂದು ಮನೆ. ಒಂದೂಕಾಲು ವರ್ಷದ ಗಂಡು ಮಗು. ಅಜ್ಜಿ ಎಣ್ಣೆ ಹಚ್ಚಿ ಎರೆಯುವಾಗ ಒಂದು ಕಡೆಯ ಬೀಜ ಇನ್ನೊಂದಕ್ಕಿಂತ ದೊಡ್ಡದಿದೆ ಅನ್ನಿಸಿತು. ಮುಟ್ಟಿದರೆ ಗಟ್ಟಿ. ಮಗು ಅಳಲಿಲ್ಲ, ಜ್ವರ ಇಲ್ಲ, ಆಟ ಊಟ ಎಲ್ಲ ಸರಿ. "ಏನಿಲ್ಲ ಬಿಡವಾ, ನೀರು ತುಂಬಿರಬೇಕು" ಅಂತ ಅಕ್ಕಪಕ್ಕದವರು ಹೇಳಿದರು. ಮೆಣಸಿನಕಾಯಿ ಸುಗ್ಗಿ ಜೋರಿತ್ತು. ತೊಟ್ಟು ಬಿಡಿಸೋಕೆ ಹೋಗುವ ತಾಯಿಗೆ ಒಂದು ದಿನ ತಪ್ಪಿದರೆ ಆ ದಿನದ ಕೂಲಿ ಹೋಯ್ತು. ಹಾಗೆ ಎರಡು ತಿಂಗಳು ಕಳೆಯಿತು.

ಹುಬ್ಬಳ್ಳಿಗೆ ಹೊರಟಾಗ ನನ್ನನ್ನೂ ಕರೆದುಕೊಂಡು ಹೋದರು. ನಾನೇನು ಡಾಕ್ಟರಲ್ಲ, ಬಿಕಾಂ ಹುಡುಗ. ಫಾರ್ಮ್ ತುಂಬ್ತಾನೆ, ರೇಷನ್ ಕಾರ್ಡ್ ಜೆರಾಕ್ಸ್ ಮಾಡಿಸ್ತಾನೆ ಅಂತ. ಸ್ಕ್ಯಾನ್ ಆಯಿತು, ರಕ್ತ ಪರೀಕ್ಷೆ ಆಯಿತು. ನೀರಲ್ಲ, ಗಡ್ಡೆ ಅಂದರು.

ಮಗುವಿನ ಹೆಸರು, ಓಣಿ ಹೇಳೋದಿಲ್ಲ. ನಾಳೆ ದೊಡ್ಡವನಾಗಿ ಅವನೇ ಇದನ್ನು ಓದಬಹುದು. ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ನನ್ನ ತಲೆಯಲ್ಲಿ ಬಂದ ಪ್ರಶ್ನೆ ಮಾತ್ರ ನಿಮ್ಮ ಮುಂದೆ ಇಡ್ತೀನಿ: ಇದೇ ಮಗು, ಇದೇ ಗಡ್ಡೆ, ಬೇರೆ ಯಾವುದೋ ವರ್ಷದಲ್ಲಿ ಬಂದಿದ್ದರೆ ಏನಾಗ್ತಿತ್ತು?

ಭಾಗ 2: ಮೊದಲು ಕಾಯಿಲೆ ಏನು ಅಂತ ತಿಳ್ಕೊಳ್ಳಿ

ರಾಣೆಬೆನ್ನೂರಿನಲ್ಲಿ "ಬೀಜ" ಅಂದರೆ ಹತ್ತಿ, ಗೋವಿನಜೋಳದ ಪ್ಯಾಕೆಟ್ ತೋರಿಸ್ತಾರೆ. ನಮ್ಮ ಮನೆಗಳಲ್ಲಿ ಅದೇ ಪದ ಗಂಡುಮಕ್ಕಳ ವೃಷಣಕ್ಕೂ ಇದೆ. ಪದ ಇದೆ, ಆದರೆ ಜೋರಾಗಿ ಹೇಳೋ ಹಾಗಿಲ್ಲ. ಇಲ್ಲಿ ನಾನು ಹೇಳ್ತೀನಿ.

ಚಿಕ್ಕ ಮಕ್ಕಳಲ್ಲಿ ವೃಷಣದ ಗಡ್ಡೆ ಬಹಳ ಅಪರೂಪ. ಒಂದು ಲಕ್ಷ ಹುಡುಗರಲ್ಲಿ ವರ್ಷಕ್ಕೆ ಒಬ್ಬರೋ ಇಬ್ಬರೋ, ಅಷ್ಟೇ. ಹಾಗಾಗಿ ಒಂದು ಊರಿನ ಡಾಕ್ಟರು ಇಡೀ ಜೀವಮಾನದಲ್ಲಿ ಒಂದನ್ನೂ ನೋಡದೇ ಇರಬಹುದು. ಮಗುವಿನ ಬೀಜ ಊದಿಕೊಂಡರೆ ಹೆಚ್ಚಿನ ಸಲ ಅದು ನಿಜವಾಗಿಯೂ ನೀರೇ, ಇಲ್ಲವೆ ಹರ್ನಿಯಾ. ಅಕ್ಕಪಕ್ಕದವರ ಊಹೆ ಸುಳ್ಳಲ್ಲ. ಅದನ್ನು ಪರೀಕ್ಷೆ ಮಾಡಿಸದೆ ಬಿಡೋದು ತಪ್ಪು.

ಈ ಗಡ್ಡೆ ಹೆಚ್ಚಾಗಿ ಕಾಣಿಸಿಕೊಳ್ಳೋದು ಎರಡು ಕಾಲದಲ್ಲಿ. ಒಂದು, ಹುಟ್ಟಿದ ಮೊದಲ ಮೂರು ವರ್ಷ. ಇನ್ನೊಂದು, ಮೀಸೆ ಬಂದ ಮೇಲೆ, ಅಂದರೆ ನಮ್ಮ ನಿಮ್ಮ ವಯಸ್ಸು. ಎರಡೂ ಒಂದೇ ಜಾಗದ ಕಾಯಿಲೆ, ಆದರೆ ಸ್ವಭಾವ ಬೇರೆ. ಎಳೆ ಮಕ್ಕಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಟೆರಟೋಮಾ. ಪ್ರಾಯಕ್ಕೆ ಬರುವ ಮುಂಚೆ ಇದು ಸಾಮಾನ್ಯವಾಗಿ ನಿರುಪದ್ರವಿ. ಇನ್ನೊಂದು ಯೋಕ್ ಸ್ಯಾಕ್ ಗಡ್ಡೆ. ಇದು ಕ್ಯಾನ್ಸರ್.

ಎರಡರಲ್ಲೂ ಸಾಮಾನ್ಯವಾಗಿ ನೋವಿಲ್ಲ. ಮೋಸ ಹೋಗೋದು ಅಲ್ಲೇ. ನೋವಿದ್ದರೆ ಮಗು ಅತ್ತು ಹೇಳ್ತಿತ್ತು.

ಭಾಗ 3: 1941ರಲ್ಲಿ ಹುಟ್ಟಿದ್ದರೆ

ಆಗ ಹಾವೇರಿ ಜಿಲ್ಲೆಯೇ ಇರಲಿಲ್ಲ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಲ್ಲ ಧಾರವಾಡ ಜಿಲ್ಲೆಯಲ್ಲಿ, ಧಾರವಾಡ ಜಿಲ್ಲೆ ಮುಂಬೈ ಪ್ರಾಂತದಲ್ಲಿ. ನಮ್ಮ ರಾಜಧಾನಿ ಮುಂಬೈ. ಅದೇ ಮುಂಬೈಯಲ್ಲಿ 1941ರ ಫೆಬ್ರವರಿಯಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ಶುರುವಾಯಿತು. ಬ್ಯಾಡಗಿಯ ಕೂಲಿ ಮನೆಯಿಂದ ಅಷ್ಟು ದೂರ ಯಾರು ಹೋಗ್ತಿದ್ರು, ನೀವೇ ಯೋಚಿಸಿ.

ಹೋಗಿದ್ದರೂ ಡಾಕ್ಟರ ಕೈಯಲ್ಲಿ ಇದ್ದದ್ದು ಚಾಕು ಮತ್ತು ವಿಕಿರಣ, ಅಷ್ಟೇ. 1906ರಲ್ಲಿ ಪ್ಯಾರಿಸ್‌ನ ಮೋರಿಸ್ ಶೆವಾಸ್ಸು ವೃಷಣದ ಗಡ್ಡೆಗಳನ್ನು ಬೇರೆ ಬೇರೆ ಬಗೆಯಾಗಿ ವಿಂಗಡಿಸಿದ್ದ. ಆದರೆ ಎಳೆ ಮಗುವಿನ ಗಡ್ಡೆ ದೊಡ್ಡವರ ಗಡ್ಡೆಗಿಂತ ಬೇರೆ ಅನ್ನೋದು ಇನ್ನೂ ಸ್ಪಷ್ಟ ಇರಲಿಲ್ಲ. ಗಡ್ಡೆ ಬೀಜದೊಳಗೇ ಇದ್ದರೆ ತೆಗೆದುಹಾಕಿದ ಮೇಲೆ ಕೆಲವು ಮಕ್ಕಳು ಬದುಕುತ್ತಿದ್ದರು. ಪುಪ್ಪುಸಕ್ಕೆ ಹರಡಿದ್ದರೆ ಕೊಡೋಕೆ ಔಷಧಿಯೇ ಇರಲಿಲ್ಲ.

ಆಪರೇಷನ್ನಿನ ಒಂದು ಸೂಕ್ಷ್ಮ ಇಲ್ಲೇ ಹೇಳ್ತೀನಿ. ಈ ಗಡ್ಡೆಯನ್ನು ಚೀಲದ ಕಡೆಯಿಂದ ಕೊಯ್ಯೋದಿಲ್ಲ, ಸೂಜಿ ಹಾಕಿಯೂ ನೋಡೋದಿಲ್ಲ. ತೊಡೆಸಂದಿಯ ಮೇಲೆ ಸಣ್ಣ ಗಾಯ ಮಾಡಿ ಅಲ್ಲಿಂದ ಮೇಲಕ್ಕೆ ಎಳೆದು ತೆಗೀತಾರೆ. ಯಾಕೆ? ಗರ್ಭದಲ್ಲಿ ವೃಷಣ ಹುಟ್ಟೋದು ಹೊಟ್ಟೆಯೊಳಗೆ, ಮೂತ್ರಪಿಂಡದ ಹತ್ತಿರ. ಆಮೇಲೆ ಕೆಳಗೆ ಇಳಿದು ಬರ್ತದೆ. ಬರುವಾಗ ತನ್ನ ರಕ್ತನಾಳ, ದುಗ್ಧನಾಳ ಎಲ್ಲವನ್ನೂ ಜೊತೆಗೆ ಎಳೆದು ತರ್ತದೆ. ಹಾಗಾಗಿ ವೃಷಣದ ಕ್ಯಾನ್ಸರ್ ಹರಡಿದರೆ ಹೊಟ್ಟೆಯ ಹಿಂಭಾಗದ ಗಂಟುಗಳಿಗೆ ಹೋಗ್ತದೆ. ಚೀಲದ ಚರ್ಮದ ದಾರಿ ಬೇರೆ, ತೊಡೆಸಂದಿಯ ಗಂಟುಗಳಿಗೆ. ಚೀಲಕ್ಕೆ ಚಾಕು ಹಾಕಿದರೆ ಕಾಯಿಲೆಗೆ ಹೊಸ ದಾರಿ ತೆರೆದುಕೊಟ್ಟ ಹಾಗೆ.

ಭಾಗ 4: ಔಷಧಿಗೂ ಬಗ್ಗುತ್ತದೆ ಅಂತ ಗೊತ್ತಾದ ವರ್ಷ

ಮಕ್ಕಳ ಕ್ಯಾನ್ಸರಿಗೆ ಔಷಧಿ ಕೊಡಬಹುದು ಅನ್ನೋ ನಂಬಿಕೆ ಬಂದದ್ದು ಬೇರೆ ಕಾಯಿಲೆಯಿಂದ, ರಕ್ತದ ಕ್ಯಾನ್ಸರಿನಿಂದ. 1947ರ ಕೊನೆಯಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಸಿಡ್ನಿ ಫಾರ್ಬರ್ ಅನ್ನೋ ಡಾಕ್ಟರು ಮಕ್ಕಳಿಗೆ ಅಮಿನಾಪ್ಟೆರಿನ್ ಕೊಡಲು ಶುರು ಮಾಡಿದರು. 16 ಮಕ್ಕಳಲ್ಲಿ 10 ಮಂದಿ ಸುಧಾರಿಸಿದರು. ಆ ಸುಧಾರಣೆ ಬಹಳ ದಿನ ಉಳಿಯಲಿಲ್ಲ, ಆದರೆ ಬಾಗಿಲು ತೆರೆಯಿತು.

ಆ ಔಷಧಿಯನ್ನು ತಯಾರಿಸಿದ ತಂಡದ ಮುಖ್ಯಸ್ಥ ಯಾರು ಗೊತ್ತೇನ್ರಿ? ಯಲ್ಲಾಪ್ರಗಡ ಸುಬ್ಬರಾವ್. ನಮ್ಮ ಪಕ್ಕದ ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದವರು. 1948ರಲ್ಲಿ ತೀರಿಕೊಂಡರು. ಸ್ಪರ್ಧಾ ಪರೀಕ್ಷೆಗೆ ಓದುವಾಗ ಈ ಹೆಸರು ನೋಡಿದ್ದರೆ ನಿಮಗೆ ಈಗ ಅದರ ತೂಕ ಗೊತ್ತಾಗ್ತದೆ.

1959ರಲ್ಲಿ ಡೆನ್ಮಾರ್ಕಿನ ಗುನ್ನಾರ್ ಟೈಲುಮ್ ಸೂಕ್ಷ್ಮದರ್ಶಕದಲ್ಲಿ ಈ ಗಡ್ಡೆಯನ್ನು ನೋಡ್ತಾ, ಇಲಿಯ ಗರ್ಭದ ಮಾಸಿನಲ್ಲಿ ಕಾಣುವ ರಚನೆಗಳು ಇದರಲ್ಲಿವೆ ಅಂತ ಗುರುತಿಸಿದರು. ಭ್ರೂಣಕ್ಕೆ ಮೊದಮೊದಲು ಆಸರೆಯಾಗುವ ಒಂದು ಸಣ್ಣ ಚೀಲ ಇದೆ, ಅದೇ ಯೋಕ್ ಸ್ಯಾಕ್. ಈ ಗಡ್ಡೆ ಆ ಚೀಲದ ರೀತಿಯಲ್ಲಿ ಬೆಳೆಯುತ್ತಿದೆ ಅನ್ನೋದು ಅವರ ಮಾತು. ಕಾಯಿಲೆಗೆ ಅದರದೇ ಆದ ಹೆಸರು ಸಿಕ್ಕಿತು. ಲೆಕ್ಕಪತ್ರದಲ್ಲಿ ತಪ್ಪು ಖಾತೆಯಲ್ಲಿ ಬಿದ್ದ ಎಂಟ್ರಿಯನ್ನು ಸರಿಯಾದ ಖಾತೆಗೆ ಹಾಕಿದ ಹಾಗೆ. ಖಾತೆ ಸರಿಹೋಗದೆ ಲೆಕ್ಕ ಹೇಗೆ ಕೂಡ್ತದೆ?

ಭಾಗ 5: ರಕ್ತದಲ್ಲಿ ಸಿಕ್ಕ ಗುರುತು, ಹಡಗಿನ ಊರಿನ ಯಂತ್ರ

ನಮ್ಮ ಬ್ಯಾಡಗಿ ಮಗುವಿಗೆ ಮಾಡಿದ ರಕ್ತ ಪರೀಕ್ಷೆಯ ಹೆಸರು ಎಎಫ್‌ಪಿ, ಅಂದರೆ ಆಲ್ಫಾ ಫೀಟೋಪ್ರೋಟೀನ್. ಗರ್ಭದ ಶಿಶುವಿನ ದೇಹ ಇದನ್ನು ತಯಾರಿಸ್ತದೆ. ಹುಟ್ಟಿದ ಮೇಲೆ ಇಳೀತಾ ಬಂದು, ಮಗುವಿಗೆ ಹೆಚ್ಚುಕಡಿಮೆ ಒಂದು ವರ್ಷ ಆಗುವಷ್ಟರಲ್ಲಿ ದೊಡ್ಡವರ ಮಟ್ಟಕ್ಕೆ ಬರ್ತದೆ. 1963ರಲ್ಲಿ ಮಾಸ್ಕೋದ ಗ್ಯಾರಿ ಅಬೆಲೆವ್ ತಂಡ ಯಕೃತ್ತಿನ ಕ್ಯಾನ್ಸರ್ ಇದ್ದ ಇಲಿಗಳ ರಕ್ತದಲ್ಲಿ ಈ ಭ್ರೂಣದ ಪ್ರೋಟೀನ್ ಮತ್ತೆ ಕಾಣಿಸಿಕೊಂಡದ್ದನ್ನು ಕಂಡುಹಿಡಿಯಿತು. ಮುಂದಿನ ವರ್ಷ ಯೂರಿ ತತಾರಿನೋವ್ ಮನುಷ್ಯರಲ್ಲೂ ಅದನ್ನು ತೋರಿಸಿದರು. ಕೆಲವೇ ವರ್ಷಗಳಲ್ಲಿ ವೃಷಣದ ಕೆಲವು ಗಡ್ಡೆಗಳಲ್ಲೂ ಇದು ಏರ್ತದೆ ಅಂತ ಗೊತ್ತಾಯಿತು. ಭ್ರೂಣದ ಚೀಲದ ರೀತಿ ಬೆಳೆಯುವ ಗಡ್ಡೆ, ಭ್ರೂಣದ ಪ್ರೋಟೀನನ್ನೇ ತಯಾರಿಸ್ತಿತ್ತು! ಟೈಲುಮ್ ಕಣ್ಣಿಂದ ನೋಡಿದ್ದು ರಕ್ತದಲ್ಲೂ ಸಾಬೀತಾಯಿತು.

ಇದರ ಉಪಯೋಗ ಎರಡು. ಆಪರೇಷನ್‌ಗೆ ಮುಂಚೆ ಎಷ್ಟಿದೆ ಅಂತ ನೋಡಿ ಅಂದಾಜು ಮಾಡೋದು. ಆಪರೇಷನ್ ಆದ ಮೇಲೆ ಇಳಿಯುತ್ತಿದೆಯಾ ಅಂತ ನೋಡೋದು. ಗಡ್ಡೆ ಪೂರ್ತಿ ಹೋಗಿದ್ದರೆ ಐದಾರು ದಿನಕ್ಕೊಮ್ಮೆ ಅರ್ಧಕ್ಕರ್ಧ ಇಳೀತದೆ. ಇಳಿಯದಿದ್ದರೆ ಎಲ್ಲೋ ಬಾಕಿ ಉಳಿದಿದೆ ಅಂತ ಅರ್ಥ. ಆದರೆ ಐದು ತಿಂಗಳ ಕೂಸಿಗೆ ಎಎಫ್‌ಪಿ ಜಾಸ್ತಿ ಬಂದರೆ ಹೆದರಬೇಡಿ. ಆ ವಯಸ್ಸಿಗೆ ಅದು ಸಹಜ ಇರಬಹುದು, ವಯಸ್ಸು ನೋಡಿಯೇ ಅಂಕಿ ಓದಬೇಕು.

ಇನ್ನು ಸ್ಕ್ಯಾನ್. ಸ್ಕಾಟ್ಲೆಂಡಿನ ಗ್ಲಾಸ್ಗೋ ಹಡಗು ಕಟ್ಟುವ ಊರು. ಲೋಹದಲ್ಲಿ ಬಿರುಕು ಇದೆಯಾ ಅಂತ ಶಬ್ದದ ಅಲೆ ಕಳಿಸಿ ನೋಡುವ ಯಂತ್ರಗಳು ಅಲ್ಲಿನ ಕಾರ್ಖಾನೆಗಳಲ್ಲಿ ಇದ್ದವು. ಇಯಾನ್ ಡೊನಾಲ್ಡ್ ಅನ್ನೋ ಡಾಕ್ಟರು ಅದನ್ನೇ ಮನುಷ್ಯರ ಹೊಟ್ಟೆಯ ಮೇಲೆ ಇಟ್ಟು ನೋಡಿ 1958ರಲ್ಲಿ ವರದಿ ಬರೆದರು. ಮುಂದೆ ಅದೇ ವಿದ್ಯೆ ವೃಷಣಕ್ಕೂ ಬಂತು. ಮುಂಚೆ ಟಾರ್ಚ್ ಹಿಡಿದು ನೋಡ್ತಿದ್ದರು: ಬೆಳಕು ಹಾಯ್ದರೆ ನೀರು, ಇಲ್ಲದಿದ್ದರೆ ಗಟ್ಟಿ ವಸ್ತು. ಆದರೆ ಕೆಲವು ಸಲ ಗಡ್ಡೆಯ ಸುತ್ತಲೂ ನೀರು ತುಂಬಿರ್ತದೆ. ಬೆಳಕು ಹಾಯ್ತು ಅಂತ ಸುಮ್ಮನಿರೋ ಹಾಗಿಲ್ಲ. ಮೊಬೈಲ್ ಟಾರ್ಚ್ ಹಿಡಿದು ನೀವೇ ತೀರ್ಮಾನ ಮಾಡಬೇಡಿ.

ಭಾಗ 6: 1970ರಲ್ಲಿ, 1980ರಲ್ಲಿ

1970ರ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಮೆಡಿಕಲ್ ಕಾಲೇಜು ಇತ್ತು, ಈಗ ನಾವೆಲ್ಲ ಕಿಮ್ಸ್ ಅನ್ನೋದು ಅದನ್ನೇ. ಶುರುವಾದದ್ದು 1957ರಲ್ಲಿ. ದಾವಣಗೆರೆಯಲ್ಲಿ ಜೆಜೆಎಂ ಕಾಲೇಜು 1965ರಲ್ಲಿ ಬಂತು. ರಾಣೆಬೆನ್ನೂರಿನವರಿಗೆ ಹೊಳೆ ದಾಟಿದರೆ ದಾವಣಗೆರೆ. ಬೆಂಗಳೂರಿನಲ್ಲಿ ಸ್ವಾತಂತ್ರ್ಯ ಹೋರಾಟಗಾರ, ಕೇಂದ್ರ ಸಚಿವರಾಗಿದ್ದ ರಫಿ ಅಹಮದ್ ಕಿದ್ವಾಯಿ ಅವರ ಹೆಸರಿನ ಕ್ಯಾನ್ಸರ್ ಆಸ್ಪತ್ರೆ 1973ರಲ್ಲಿ ಶುರುವಾಯಿತು. ಆಸ್ಪತ್ರೆಗಳು ಹತ್ತಿರ ಬಂದವು. ಆದರೆ ಹರಡಿದ ಗಡ್ಡೆಗೆ ಬಲವಾದ ಔಷಧಿ?

ಅದು ಬಂದದ್ದು ಯಾರೂ ಹುಡುಕದ ಕಡೆಯಿಂದ. 1965ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾ ಇದ್ದ ದ್ರವದಲ್ಲಿ ವಿದ್ಯುತ್ ಹಾಯಿಸಿ ನೋಡ್ತಿದ್ದರು. ಬ್ಯಾಕ್ಟೀರಿಯಾ ಎರಡಾಗಿ ಒಡೆಯೋದನ್ನು ನಿಲ್ಲಿಸಿ, ಶಾವಿಗೆ ಎಳೆ ಹಾಗೆ ಉದ್ದಕ್ಕೆ ಬೆಳೆದುಬಿಟ್ಟವು. ಕಾರಣ ವಿದ್ಯುತ್ ಆಗಿರಲಿಲ್ಲ. ಏನೂ ಆಗೋದಿಲ್ಲ ಅಂತ ನಂಬಿ ಹಾಕಿದ್ದ ಪ್ಲಾಟಿನಂ ಕಡ್ಡಿಯಿಂದ ಸ್ವಲ್ಪ ಪ್ಲಾಟಿನಂ ಕರಗಿ ಹೊಸ ರೂಪ ಪಡೆದಿತ್ತು. ಜೀವಕೋಶ ಒಡೆಯೋದನ್ನು ಇದು ನಿಲ್ಲಿಸೋದಾದರೆ ಕ್ಯಾನ್ಸರ್ ಜೀವಕೋಶವನ್ನೂ ನಿಲ್ಲಿಸಬಹುದಲ್ಲ? ಹಾಗೆ ಸಿಕ್ಕಿದ್ದು ಸಿಸ್‌ಪ್ಲಾಟಿನ್.

1974ರಲ್ಲಿ ಇಂಡಿಯಾನಾದ ಡಾ. ಲಾರೆನ್ಸ್ ಐನ್‌ಹಾರ್ನ್ ಇದನ್ನು ಇನ್ನೆರಡು ಔಷಧಿಗಳ ಜೊತೆ ಸೇರಿಸಿ ಜಾನ್ ಕ್ಲೀಲ್ಯಾಂಡ್ ಅನ್ನೋ ಕಾಲೇಜು ವಿದ್ಯಾರ್ಥಿಗೆ ಕೊಟ್ಟರು. ವೃಷಣದ ಕ್ಯಾನ್ಸರ್ ಹರಡಿ, ಬೇರೆ ಔಷಧಿಗಳೆಲ್ಲ ಸೋತಿದ್ದವು. ಅವರು ಗುಣವಾದರು, ಮುಂದೆ ಮೇಷ್ಟ್ರಾದರು. ಜೊತೆಗಿದ್ದ ಔಷಧಿಗಳಲ್ಲಿ ಒಂದು ಬ್ಲಿಯೋಮೈಸಿನ್, ಜಪಾನಿನ ಹಮಾವೊ ಉಮೆಜಾವಾ ಕಂಡುಹಿಡಿದದ್ದು. 1978ರಲ್ಲಿ ಸಿಸ್‌ಪ್ಲಾಟಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ದೊಡ್ಡವರಲ್ಲಿ ಗೆದ್ದ ಈ ಔಷಧಿ ಆಮೇಲೆ ಮಕ್ಕಳಿಗೂ ಬಂತು. ಅಷ್ಟರವರೆಗೆ ಮಕ್ಕಳಿಗೆ ವಿನ್‌ಕ್ರಿಸ್ಟಿನ್ ಮುಂತಾದ ಬೇರೆ ಮೂರು ಔಷಧಿಗಳ ಕೂಟ ಕೊಡುತ್ತಿದ್ದರು. ಹೊಸ ಔಷಧಿಯ ಬೆಲೆ ಬರೀ ದುಡ್ಡಲ್ಲ. ಸಿಸ್‌ಪ್ಲಾಟಿನ್ ಕಿವಿ ಕೇಳೋದನ್ನು ಕಡಿಮೆ ಮಾಡಬಹುದು, ಮೂತ್ರಪಿಂಡಕ್ಕೂ ಹೊಡೆತ. ಇನ್ನೂ ಮಾತು ಕಲಿಯದ ಮಗುವಿಗೆ ಕಿವಿ ಹೋದರೆ? ಅದಕ್ಕೇ ಬ್ರಿಟನ್ನಿನ ಡಾಕ್ಟರುಗಳು ಮಕ್ಕಳಿಗೆ ಕಾರ್ಬೋಪ್ಲಾಟಿನ್ ಬಳಸಿ ನೋಡಿದರು, ಒಳ್ಳೆಯ ಫಲ ಸಿಕ್ಕಿತು.

ಇನ್ನೊಂದು ದೊಡ್ಡ ಬದಲಾವಣೆ ಕಡಿಮೆ ಮಾಡುವುದರಲ್ಲಿ ಆಯಿತು. ಹಿಂದೆ ಮಗುವಿನ ಹೊಟ್ಟೆ ಕೊಯ್ದು ಹಿಂಭಾಗದ ಗಂಟುಗಳನ್ನೂ ತೆಗೀತಿದ್ದರು. ಎಎಫ್‌ಪಿ ಮತ್ತು ಸಿಟಿ ಸ್ಕ್ಯಾನ್ ಬಂದ ಮೇಲೆ ಅದು ಎಲ್ಲರಿಗೂ ಬೇಕಿಲ್ಲ ಅಂತಾಯಿತು. ಗಡ್ಡೆ ವೃಷಣದೊಳಗೇ ಇದ್ದರೆ ಅದನ್ನು ತೆಗೆದು, ಮೇಲಿಂದ ಮೇಲೆ ಪರೀಕ್ಷೆ ಮಾಡಿ ಕಾಯೋದು. ಮರಳಿ ಬಂದರೆ ಮಾತ್ರ ಕೀಮೋ. ಟೆರಟೋಮಾ ಅನ್ನಿಸಿದರೆ, ಸಾಧ್ಯವಿರುವ ಕಡೆ ಗಡ್ಡೆಯನ್ನಷ್ಟೇ ತೆಗೆದು ವೃಷಣ ಉಳಿಸೋದು. ಇಂದು ಸರಿಯಾದ ಚಿಕಿತ್ಸೆ ಸಿಕ್ಕರೆ ಈ ಕಾಯಿಲೆಯ ನೂರು ಮಕ್ಕಳಲ್ಲಿ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಬದುಕ್ತಾರೆ.

ಭಾಗ 7: 2009ರಲ್ಲಿ, 2010ರಲ್ಲಿ

ಇಲ್ಲಿಂದ ಇದು ನಮ್ಮ ಕಾಮರ್ಸ್ ಹುಡುಗರ ವಿಷಯ.

2009ರಲ್ಲಿ ಔಷಧಿ ಇತ್ತು, ಸ್ಕ್ಯಾನ್ ಇತ್ತು, ಡಾಕ್ಟರು ಇದ್ದರು. ಬ್ಯಾಡಗಿಯ ಕೂಲಿ ಮನೆಯಲ್ಲಿ ದುಡ್ಡು ಇರಲಿಲ್ಲ. ದುಡ್ಡಿಲ್ಲದವರ ಪಾಲಿಗೆ 2009 ಅಂದರೂ ಒಂದೇ, 1941 ಅಂದರೂ ಒಂದೇ.

2010ರಲ್ಲಿ ಕರ್ನಾಟಕ ಸರ್ಕಾರ ವಾಜಪೇಯಿ ಆರೋಗ್ಯಶ್ರೀ ಯೋಜನೆ ತಂದಿತು. ಕ್ಯಾನ್ಸರ್, ಹೃದಯದಂಥ ದೊಡ್ಡ ಕಾಯಿಲೆಗಳಿಗೆ ಬಿಪಿಎಲ್ ಕುಟುಂಬಕ್ಕೆ ಉಚಿತ ಚಿಕಿತ್ಸೆ. ಮೊದಲು ಆಗಿನ ಗುಲ್ಬರ್ಗಾ ವಿಭಾಗ, ಅದೇ ವರ್ಷ ನಮ್ಮ ಬೆಳಗಾವಿ ವಿಭಾಗ. ದಕ್ಷಿಣದ ಜಿಲ್ಲೆಗಳಿಗೆ ತಡವಾಗಿ ಹೋಯಿತು. ಹಾಗಾಗಿ ಸ್ವಲ್ಪ ಕಾಲ ರಾಜ್ಯದ ನಡುವೆ ಒಂದು ಗೆರೆ ಇತ್ತು. ಗೆರೆಯ ಈಚೆ ಯೋಜನೆ ಇದೆ, ಆಚೆ ಇಲ್ಲ. ಸಂಶೋಧಕರು ಎರಡೂ ಕಡೆಯ ಒಟ್ಟು 572 ಹಳ್ಳಿಗಳನ್ನು ಹೋಲಿಸಿ 2014ರಲ್ಲಿ ವರದಿ ಪ್ರಕಟಿಸಿದರು. ಯೋಜನೆಯಲ್ಲಿದ್ದ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವು ಈಚೆ ಶೇ 0.32, ಆಚೆ ಶೇ 0.90. ಇದು ಎಲ್ಲ ಕಾಯಿಲೆ ಸೇರಿದ ಲೆಕ್ಕ, ಬರೀ ಮಕ್ಕಳದ್ದಲ್ಲ. ಆದರೆ ಒಂದು ಮಾತು ಖಚಿತ: ಒಂದು ರೇಷನ್ ಕಾರ್ಡು, ಒಂದು ಸರ್ಕಾರಿ ಆದೇಶ ಕೂಡ ಔಷಧಿಯ ಕೆಲಸ ಮಾಡ್ತದೆ.

2018ರಿಂದ ಇವೆಲ್ಲ ಸೇರಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಆಗಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ. ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗ್ತದೆ, ಆ ಚೀಟಿ ಕಳ್ಕೋಬೇಡಿ. ನಾನು ಅವತ್ತು ಹುಬ್ಬಳ್ಳಿಯಲ್ಲಿ ಮಾಡಿದ್ದು ಇದೇ ಕೆಲಸ. ಬಿಕಾಂ ಓದಿದ್ದು ಉಪಯೋಗಕ್ಕೆ ಬಂದ ಮೊದಲ ದಿನ ಅದು.

ಭಾಗ 8: ಅಜ್ಜಿಯ ಪ್ರಶ್ನೆ

ಆಪರೇಷನ್ ಆಯಿತು. ಗಡ್ಡೆ ವೃಷಣದೊಳಗೇ ಇತ್ತು. ಎಎಫ್‌ಪಿ ಇಳಿಯಿತು. ಕೀಮೋ ಬೇಕಾಗಲಿಲ್ಲ. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ನಡೀತಾ ಇದೆ. ಹುಡುಗ ಈಗ ಅಂಗನವಾಡಿಯಲ್ಲಿ ಎಲ್ಲರ ಆಟಿಗೆ ಸಾಮಾನು ಕಸಿದುಕೊಳ್ತಾನೆ.

ವಾರ್ಡಿನಲ್ಲಿ ಒಂದು ಸಂಜೆ ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದರು. "ತಮ್ಮಾ, ಒಂದ ಮಾತ ಕೇಳ್ತೀನಿ, ನಗಬ್ಯಾಡ. ಮುಂದ ಇವಂಗ ಲಗ್ನ, ಮಕ್ಕಳು..." ಅಷ್ಟಕ್ಕೇ ನಿಲ್ಲಿಸಿದರು. ಡಾಕ್ಟರನ್ನು ಕೇಳೋಕೆ ಅವರಿಗೆ ನಾಚಿಕೆ. ನಾನೇ ಹೋಗಿ ಕೇಳಿದೆ. ಇನ್ನೊಂದು ವೃಷಣ ಚೆನ್ನಾಗಿದ್ದರೆ ಸಾಮಾನ್ಯವಾಗಿ ಗಡ್ಡ ಮೀಸೆ, ಮದುವೆ, ಮಕ್ಕಳು ಯಾವುದಕ್ಕೂ ತೊಂದರೆ ಇಲ್ಲ ಅಂದರು. ಬಂದು ಹೇಳಿದಾಗ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ಎರಡು ತಿಂಗಳು ತಡವಾದದ್ದರ ಹಿಂದೆ ಕೂಲಿಯಷ್ಟೇ ಅಲ್ಲ, ಈ ಕೇಳಲಾಗದ ಪ್ರಶ್ನೆಯೂ ಇತ್ತು ಅಂತ ನನಗೆ ಆಗ ಹೊಳೆಯಿತು.

ಭೀಮವರಂ, ಮಾಸ್ಕೋ, ಗ್ಲಾಸ್ಗೋ, ಮಿಶಿಗನ್, ಜಪಾನ್. ಇಷ್ಟೆಲ್ಲ ಕಡೆಯ ಜನ ತಲೆಮಾರುಗಟ್ಟಲೆ ದುಡಿದು ಒಂದು ಮಗುವನ್ನು ಬದುಕಿಸುವ ದಾರಿ ಕಟ್ಟಿದ್ದಾರೆ. ಆ ದಾರಿ ಶುರುವಾಗೋದು ಮಾತ್ರ ನಮ್ಮ ಬಚ್ಚಲುಮನೆಯಲ್ಲಿ, ಎರೆಯುವ ಕೈಯಲ್ಲಿ. ಅಲ್ಲಿ ಯಾರಾದರೂ ನೋಡಿ, ಬಾಯಿಬಿಟ್ಟು ಹೇಳದಿದ್ದರೆ ಉಳಿದದ್ದೆಲ್ಲ ಇದ್ದೂ ಇಲ್ಲದ ಹಾಗೆ.

ಹಾಗಾಗಿ ಇಷ್ಟು ನೆನಪಿಡಿ. ಮಗುವಿನ ಒಂದು ಬೀಜ ದೊಡ್ಡದಾಗಿದ್ದರೆ, ಗಟ್ಟಿ ಅನ್ನಿಸಿದರೆ, ನೋವಿಲ್ಲದಿದ್ದರೂ ಡಾಕ್ಟರಿಗೆ ತೋರಿಸಿ, ಸ್ಕ್ಯಾನ್ ಬೇಕಾ ಅಂತ ಕೇಳಿ. ಕಾವು ಕೊಡೋದು, ಪಟ್ಟು ಹಾಕೋದು ಬೇಡ. ಇದ್ದಕ್ಕಿದ್ದ ಹಾಗೆ ಜೋರು ನೋವು ಬಂದರೆ ಅದು ಬೇರೆ ಕಾಯಿಲೆ ಇರಬಹುದು, ವೃಷಣ ತಿರುಚಿಕೊಂಡಿರಬಹುದು. ಆಗ ದಿನ ಲೆಕ್ಕ ಅಲ್ಲ, ಗಂಟೆ ಲೆಕ್ಕ, ತಕ್ಷಣ ಓಡಿ. ಆರು ತಿಂಗಳಾದರೂ ಬೀಜ ಚೀಲಕ್ಕೆ ಇಳಿದಿಲ್ಲ ಅಂದರೆ ತೋರಿಸಿ. ಒಂದು, ಒಂದೂವರೆ ವರ್ಷದೊಳಗೆ ಸರಿಪಡಿಸಿದರೆ ಮುಂದೆ ಕ್ಯಾನ್ಸರಿನ ಅಪಾಯ ಕಡಿಮೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಮಕ್ಕಳ ತಪಾಸಣೆ ತಂಡ ಬರ್ತದೆ, 2013ರಿಂದ ಇದೆ ಈ ಕಾರ್ಯಕ್ರಮ. ಅನುಮಾನ ಇದ್ದರೆ ಅಲ್ಲೇ ಹೇಳಿ.

ಮತ್ತೆ ಹುಡುಗರೇ, ನಿಮಗೂ ಇದೇ ಮಾತು. ನಮ್ಮ ವಯಸ್ಸೂ ಆ ಪಟ್ಟಿಯಲ್ಲಿದೆ. ಸ್ನಾನ ಮಾಡುವಾಗ ಗಟ್ಟಿ ಗಂಟು ಸಿಕ್ಕರೆ ಫ್ರೆಂಡ್ಸ್ ನಗ್ತಾರೆ ಅಂತ ಸುಮ್ಮನಿರಬೇಡಿ. ನನಗೆ ಮೆಸೇಜ್ ಮಾಡಿ, ನಗೋದಿಲ್ಲ, ಜೊತೆಗೆ ಬರ್ತೀನಿ. ಫಾರ್ಮ್ ತುಂಬೋದು ಹೇಗೂ ಗೊತ್ತಲ್ಲ.

ಅಕ್ಕ, ಅತ್ತಿಗೆ, ಚಿಕ್ಕಮ್ಮ ಯಾರ ಮನೆಯಲ್ಲಿ ಎಳೆ ಗಂಡುಮಗು ಇದೆಯೋ ಅವರಿಗೆ ಕಳಿಸಿ. ಕಳಿಸೋಕೆ ನಾಚಿಕೆ ಆದರೆ ಎಂಟನೇ ಭಾಗ ಮಾತ್ರ ಕಳಿಸಿ, ಸಾಕು.

#ಹಾವೇರಿ #ಬ್ಯಾಡಗಿ #ರಾಣೆಬೆನ್ನೂರು #ಇತಿಹಾಸ #ಮಕ್ಕಳಆರೋಗ್ಯ